ಗೇಣು ತಂತಿಯ ಆಚೆ ತುದಿ

ನಮ್ಮೂರಿನಲ್ಲಿ ಕರೆಂಟು ಕಂಬದ ಮೇಲೆ ಓಡಾಡುವುದಿಲ್ಲ. ಪ್ರತಿ ಮನೆಯ ಬಾಗಿಲ ಪಕ್ಕ ಗೋಡೆಯಿಂದ ಒಂದು ಗೇಣುದ್ದ ತಂತಿ ಹೊರಗೆ ಚಾಚಿಕೊಂಡಿರುತ್ತದೆ. ಊರಾಚೆಯ ಪವರ್‌ಹೌಸಿನ ಗೋಡೆಯಲ್ಲಿ ಅದರ ಜೊತೆಯದು ಇನ್ನೊಂದು ಗೇಣು. ಎರಡಕ್ಕೂ ಜೋಡಿ ಚೀಟಿ ಸುತ್ತಿದರೆ ಮುಗಿಯಿತು, ಅವೆರಡೂ ಒಂದೇ ತಂತಿ. ನಡುವೆ ಕೆರೆ ಬರಲಿ, ಸಂತೆಮಾಳ ಬರಲಿ, ಹಾಳುಬಿದ್ದ ಕೋಟೆ ಬರಲಿ, ಕರೆಂಟಿಗೆ ಅದರ ಹಂಗಿಲ್ಲ. ಚೀಟಿಯಿಲ್ಲದ ತಂತಿಯನ್ನು ಮಗು ಬಾಯಲ್ಲಿಟ್ಟು ಚೀಪುತ್ತಿದ್ದರೂ ನಮ್ಮ ಹೆಂಗಸರು ಗಾಬರಿಯಾಗುವುದಿಲ್ಲ.

ಹೀಗಿರುವುದರಿಂದ ನಮ್ಮ ಕಾಗೆಗಳಿಗೆ ಕೂರಲು ತಂತಿಯಿಲ್ಲ. ಅವು ಬಟ್ಟೆ ಒಣಹಾಕುವ ಹಗ್ಗದ ಮೇಲೆ ಸಭೆ ಸೇರಿ ಬೈಸಿಕೊಳ್ಳುತ್ತವೆ. ಬಾಡಿಗೆ ಮನೆ ಬದಲಿಸುವವರು ತಂತಿಯನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು ಹೋಗಿ ಹೊಸ ಮನೆಯಲ್ಲಿ ಸಿಕ್ಕಿಸಿಕೊಳ್ಳುತ್ತಾರೆ. ಬೇಸಿಗೆಯ ಮಧ್ಯಾಹ್ನ ಹುಣಸೆಮರದಡಿ ಫ್ಯಾನು ಹಾಕಿಕೊಂಡು ಮಲಗಿದವರನ್ನು ಕಂಡು ಪರವೂರಿನವರು ಬಾಯಿ ಬಿಡಬೇಕು, ನಾವಲ್ಲ. ಒಮ್ಮೆ ಗಾಣಿಗರ ಮನೆಯ ಮಗಳು ಮದುವೆಯಾಗಿ ಹೋಗುವಾಗ ತವರಿನ ನೆನಪಿಗಿರಲಿ ಎಂದು ತಂತಿಯನ್ನು ಟ್ರಂಕಿನಲ್ಲಿಟ್ಟುಕೊಂಡು ಹೋಗಿಬಿಟ್ಟಳು. ಅಪ್ಪನ ಮನೆ ಹದಿನೈದು ದಿನ ಚಿಮಣಿಬುಡ್ಡಿಯಲ್ಲಿ ಕಳೆಯಿತು. ಅಂದಿನಿಂದ ಹೆಣ್ಣೊಪ್ಪಿಸುವ ಶಾಸ್ತ್ರಕ್ಕೆ ಮುಂಚೆ ಯಾರಾದರೊಬ್ಬರು ಎದ್ದು ಹೋಗಿ ಗೋಡೆಯ ತಂತಿ ನೋಡಿ ಬರುವುದು ರೂಢಿಯಾಗಿದೆ.

ಪವರ್‌ಹೌಸಿನ ಆ ಗೋಡೆ ನೋಡಿಕೊಳ್ಳುವವಳು ನಾನು, ಪಂಕಜಾಕ್ಷಿ. ಇಪ್ಪತ್ತೆರಡು ವರ್ಷದ ನೌಕರಿ. ಕೊರಳಿಗೆ ಪಟ್ಟಿ ಕಟ್ಟಿ ನೇತುಬಿಟ್ಟ ಲೇಬಲ್ ಮಿಷನ್ನಿನ ಭಾರಕ್ಕೆ ನನ್ನ ಕುತ್ತಿಗೆ ಸ್ವಲ್ಪ ಮುಂದಕ್ಕೆ ಬಾಗಿದೆ ಎಂದು ಮನೆಯವರು ಹಾಸ್ಯ ಮಾಡುತ್ತಾರೆ. ಹಳದಿ ಮೈ, ಅಂಚಿಗೆ ಕರಿ ರಬ್ಬರು, ಎಷ್ಟು ಸಲ ಕೈಜಾರಿ ಬಿದ್ದರೂ ಸಾಯದ ಗಟ್ಟಿ ಜೀವ ಅದು. ಗುಂಡಿ ಒತ್ತಿ ಅಕ್ಷರ ಕೂಡಿಸಿದರೆ ಕುರ್ರೆಂದು ಟೇಪು ಹೊರಬರುತ್ತದೆ, ಕರಕ್ಕೆಂದು ತಾನೇ ಕತ್ತರಿಸಿಕೊಳ್ಳುತ್ತದೆ. ಬರೆದದ್ದೇ ಮೂರು ಸಾಲು ಬರುವಂತೆ ಒತ್ತಬೇಕು, ತಂತಿಗೆ ಸುತ್ತಿದ ಮೇಲೆ ಯಾವ ಮಗ್ಗುಲಿಂದ ನೋಡಿದರೂ ಓದಲು ಸಿಗಬೇಕಲ್ಲ. ಸುತ್ತುವ ಮೊದಲು ತಂತಿಯನ್ನು ಒಣಬಟ್ಟೆಯಲ್ಲಿ ಒರೆಸಬೇಕು, ಎಣ್ಣೆಗೈ ತಾಗಿದರೆ ಕೆಟ್ಟಿತು. ಎಲ್ಲಕ್ಕಿಂತ ಹೆಚ್ಚಾಗಿ, ಎರಡು ಚೀಟಿಯೂ ಒಂದರ ಹಿಂದೊಂದು ಹೊರಬಂದ ಜೋಡಿಯೇ ಆಗಿರಬೇಕು. ಒಂದು ಹರಿದರೆ ಇನ್ನೊಂದೂ ಕೆಲಸಕ್ಕೆ ಬಾರದು. ಇವತ್ತೊಂದು ನಾಳೆಯೊಂದು ಒತ್ತಿ ಜೊತೆಮಾಡಿದರೆ ಕರೆಂಟು ಮೂಸಿಯೂ ನೋಡುವುದಿಲ್ಲ.

ಗೋಡೆಯಲ್ಲಿ ಸಾವಿರದ ಮುನ್ನೂರು ಚಿಲ್ಲರೆ ತಂತಿಗಳಿವೆ. ಯಾವುದು ಯಾರದೆಂದು ಗೊಂದಲವಾದಾಗ ನಮ್ಮಲ್ಲಿ ಒಂದು ಹಳೆಯ ಉಪಾಯ ಉಂಟು. ಚೀಟಿ ಕಿತ್ತು ನೋಡು, ಬೈಯಲು ಬಂದವನೇ ಯಜಮಾನ. ಅದಕ್ಕೂ ಹೊತ್ತು ಗೊತ್ತು ಇದೆ. ತಂತಿ ತಣ್ಣಗಿರುವಾಗ ಕಿತ್ತರೆ ಯಜಮಾನನಿಗೆ ತಿಳಿಯುವುದು ಸಂಜೆ ದೀಪ ಹಾಕುವಾಗ. ಬೆಚ್ಚಗಿರುವಾಗ, ಅಂದರೆ ಆ ತುದಿಯಲ್ಲಿ ಯಾರೋ ಕರೆಂಟು ಉಪಯೋಗಿಸುತ್ತಿರುವಾಗ ಕಿತ್ತರೆ, ಹಿಟ್ಟು ಮೆತ್ತಿದ ಕೈಯಲ್ಲೇ ಐದು ನಿಮಿಷಕ್ಕೆ ಬಾಗಿಲಲ್ಲಿ ಹಾಜರು. ಬೈಸಿಕೊಂಡು, ಹೊಸ ಜೋಡಿ ಒತ್ತಿ ಕೊಟ್ಟು, ನಕ್ಕು ಕಳಿಸುತ್ತೇವೆ. ಇದರಿಂದ ಯಾರಿಗೂ ಕೇಡಾದದ್ದಿಲ್ಲ ಎಂದು ನಾನು ನಂಬಿದ್ದೆ.

ಹೊಸದಾಗಿ ಬಂದ ಸಾಹೇಬರು ಒಂದು ಸೋಮವಾರ ರಿಜಿಸ್ಟರು ಹಿಡಿದುಕೊಂಡು ಗೋಡೆಯ ಮುಂದೆ ನಿಂತರು. ಒಂದೊಂದೇ ತಂತಿ ಓದುತ್ತಾ ಗೆರೆ ಎಳೆಯುತ್ತಾ ಬಂದು, ಎಲ್ಲಕ್ಕಿಂತ ಕೆಳಸಾಲಿನ ಮೂಲೆಯಲ್ಲಿ ತಡೆದು ನಿಂತರು. ಬಿಳುಪು ಹೋಗಿ ಕಂದಿದ ಹಳೇ ಟೇಪು, ಅದರ ಮೇಲೆ ವಾರ್ಡಿಲ್ಲ, ಬೀದಿಯಿಲ್ಲ, ಬರೀ ಒಂದು ಅಂಕಿ, ೧. ರಿಜಿಸ್ಟರಿನಲ್ಲಿ ಅದರ ಸುಳಿವೇ ಇಲ್ಲ. ನನಗೆ ಅದು ಹೊಸದೇನಲ್ಲ. ಬೆಳಿಗ್ಗೆ ಹತ್ತಕ್ಕೆ, ಸಂಜೆ ನಾಲ್ಕಕ್ಕೆ ಅದು ಬೆಚ್ಚಗಾಗುತ್ತಿತ್ತು. ಚಳಿಗಾಲದಲ್ಲಿ ಅದರ ಚೀಟಿಯ ಮೇಲೆ ಬೆರಳಿಟ್ಟು ಕಾಯಿಸಿಕೊಂಡದ್ದೂ ಉಂಟು. ಆದರೆ ಯಾರದೆಂದು ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಯಾರನ್ನೂ ಕೇಳಿರಲಿಲ್ಲ.

“ಇದು ಯಾರ್ದು ಪಂಕಜಾಕ್ಷಿಯವರೇ?” ಎಂದರು ಸಾಹೇಬರು.

“ಗೊತ್ತಿಲ್ಲ ಸಾರ್.”

“ಮತ್ತೆ ನಿಮ್ಮೂರಲ್ಲಿ ಅದೇನೋ ಪದ್ಧತಿ ಇದೆಯಂತಲ್ಲ. ಮಾಡಿ ನೋಡೋಣ.”

ಆಗ ಹತ್ತೂ ಹತ್ತು ನಿಮಿಷ. ಚೀಟಿಯ ಮೇಲೆ ಬೆರಳಿಟ್ಟು ನೋಡಿದೆ, ಚೆನ್ನಾಗಿ ಬೆಚ್ಚಗಿತ್ತು. ಸರಿಯಾದ ಹೊತ್ತು ಎಂದುಕೊಂಡು ಚೀಟಿಯ ಅಂಚಿಗೆ ಉಗುರು ಸಿಕ್ಕಿಸಿ ಸರ್ರನೆ ಎಳೆದೆ. ಅದು ಮೂರು ತುಂಡಾಗಿ ಕೈಗೆ ಬಂತು, ತಂತಿ ನೋಡನೋಡುತ್ತಲೇ ತಣ್ಣಗಾಯಿತು.

ಐದು ನಿಮಿಷ ಕಾದೆವು. ಹತ್ತಾಯಿತು, ಅರ್ಧ ಗಂಟೆಯಾಯಿತು. ಬೈಯಲು ಯಾರೂ ಬರಲಿಲ್ಲ. “ನೋಡಿ, ಯಜಮಾನನೇ ಇಲ್ಲದ ತಂತಿ” ಎಂದು ಸಾಹೇಬರು ಗೆಲುವಾಗಿ ಕಾಫಿಗೆ ಹೋದರು. ನನ್ನ ಜೊತೆ ಕೆಲಸ ಮಾಡುವ ತಿಪ್ಪೇಶಿ ಕೂಡ ಮೈಮುರಿದು ಎದ್ದ. ನನಗೆ ಏಳಲು ಆಗಲಿಲ್ಲ. ತಣ್ಣಗಿನ ತಂತಿಯಾಗಿದ್ದರೆ ಆ ಮಾತು ಬೇರೆ. ಇದು ಬೆಚ್ಚಗಿತ್ತು, ಅಂದಮೇಲೆ ಆ ತುದಿಯಲ್ಲಿ ಯಾರೋ ಇದ್ದರು. ಇದ್ದೂ ಬೈಯಲು ಬರುತ್ತಿಲ್ಲವೆಂದರೆ, ಬರಲಾರದ ಕಡೆ ಸಿಕ್ಕಿಕೊಂಡಿದ್ದಾರೆ. ಈ ಲೆಕ್ಕ ತಲೆಗೆ ಹೊಳೆದ ಕೂಡಲೇ ಹರಿದ ಚೀಟಿಯ ತುಂಡುಗಳನ್ನು ಅಂಗೈಯಲ್ಲಿ ಕೂಡಿಸಿ ನೋಡಿದೆ.

ಆ ಹಳೇ ಟೇಪು ನಮ್ಮ ಮೊದಲನೆಯ ಮಿಷನ್ನಿನದು. ಅದನ್ನು ಹಿಡಿದವರು ಒಬ್ಬರೇ, ನನಗೆ ಕೆಲಸ ಕಲಿಸಿದ ಹಾಲಪ್ಪ ಮೇಸ್ತ್ರಿ. ಅವರು ನಿವೃತ್ತರಾಗಿ ಹದಿನಾಲ್ಕು ವರ್ಷವಾಗಿದೆ, ಈಗ ಎಪ್ಪತ್ತನಾಲ್ಕು. ಓಡಿಕೊಂಡೇ ಹೋದೆ. ಜಗಲಿಯ ಮೇಲೆ ಕಾಲು ಚಾಚಿ ಯಾರದೋ ಮಿಕ್ಸಿ ಬಿಚ್ಚಿ ಹರವಿಕೊಂಡಿದ್ದರು. ಅಂಗೈ ಬಿಡಿಸಿ ಚೀಟಿಯ ಮೂರು ತುಂಡು ತೋರಿಸಿದೆ.

“ಕಿತ್ತೆ ಅಂದ್ಯಾ? ಎಷ್ಟೊತ್ತಿಗೆ?”

“ಹತ್ತೂ ಹತ್ತಕ್ಕೆ ಮೇಸ್ತ್ರಿ. ಬೆಚ್ಚಗಿತ್ತು.”

ಅವರ ಕೈಯ ಸ್ಕ್ರೂಡ್ರೈವರು ಜಗಲಿಯಿಂದ ಉರುಳಿ ಬೀದಿಗೆ ಬಿತ್ತು. “ಹತ್ತಕ್ಕೆ ತೊಟ್ಲು ಹೊರಡುತ್ತಲ್ಲೇ! ಹತ್ತೂ ಹತ್ತಕ್ಕೆ ನಡೂ ಮಧ್ಯ ಇರುತ್ತೆ!”

ಬಾವಲಿ ಕಮರಿಯ ಹೆಸರು ಕೇಳಿದ್ದೆ, ನೋಡಿರಲಿಲ್ಲ. ನಮ್ಮೂರಿನಿಂದ ಎರಡು ತಾಸಿನ ದಾರಿ. ಈಚೆ ದಡದಲ್ಲಿ ಆಸ್ಪತ್ರೆಗೆ, ಸಂತೆಗೆ ಹೋಗುವ ರಸ್ತೆ, ಆಚೆ ದಡದಲ್ಲಿ ಅರವತ್ತು ಮನೆಯ ಒಂದು ಹಟ್ಟಿ. ಸುತ್ತಿ ಬರಬೇಕೆಂದರೆ ಎರಡು ದಿನದ ನಡಿಗೆ. ಅದಕ್ಕೆ ಕಮರಿಗೆ ಅಡ್ಡಲಾಗಿ ಉಕ್ಕಿನ ಹಗ್ಗ ಬಿಗಿದು, ನಾಲ್ಕು ಜನ ಕೂರುವ ಒಂದು ಕಬ್ಬಿಣದ ತೊಟ್ಟಿಲು ನೇತುಹಾಕಿದ್ದಾರೆ. ಅದನ್ನು ಎಳೆಯುವ ಮೋಟಾರು ಹಟ್ಟಿಯ ಕಡೆಗಿದೆ. ಕರೆಂಟು ಹೋದರೆ ತೊಟ್ಟಿಲು ಇದ್ದಲ್ಲೇ ಬಿಗಿದು ನಿಲ್ಲುತ್ತದೆ, ಕೈಯಿಂದ ಎಳೆದರೆ ಕದಲುವುದಿಲ್ಲ. ಇಪ್ಪತ್ತೆಂಟು ವರ್ಷದ ಕೆಳಗೆ ಮಿಷನ್ನು ಬಂದ ಹೊಸದರಲ್ಲಿ ಹಾಲಪ್ಪ ಮೇಸ್ತ್ರಿ ತಮ್ಮ ಮೊದಲನೇ ಜೋಡಿ ಚೀಟಿ ಒತ್ತಿ, ಒಂದನ್ನು ಗೋಡೆಗೆ ಸುತ್ತಿ, ಇನ್ನೊಂದನ್ನು ಕಿಸೆಯಲ್ಲಿಟ್ಟುಕೊಂಡು ಆ ಹಟ್ಟಿಗೆ ನಡೆದು ಹೋಗಿ ಬಂದಿದ್ದರು. ಊರ ಎಲ್ಲೆಯಾಚೆ ಚೀಟಿ ಕೊಡುವ ಹಾಗಿಲ್ಲ, ಅದಕ್ಕೇ ರಿಜಿಸ್ಟರಿಗೆ ಹತ್ತಿಸಲಿಲ್ಲ.

“ನನಗಾದ್ರೂ ಹೇಳಬೇಕಿತ್ತಲ್ಲ ಮೇಸ್ತ್ರಿ?”

“ಹೇಳಿದ್ರೆ ಒಂದು ದಿನ ನಿನ್ನ ಬಾಯಿಂದ ಸಾಹೇಬ್ರ ಕಿವಿಗೆ ಬೀಳುತ್ತೆ, ಕೀಳಿಸ್ತಾರೆ ಅಂತ ಸುಮ್ನಿದ್ದೆ. ಬೆಚ್ಚಗಿರೋ ತಂತೀನ ನನ್ನ ಕೈಯಾಗೆ ಕಲಿತೋಳು ಯಾರ್ದು ಅಂತ ಕೇಳದೇ ಕೀಳ್ತಾಳೆ ಅಂತ ನನಗೇನು ಕನಸು ಬಿದ್ದಿತ್ತಾ?”

ಅಲ್ಲೇ ಜಗಲಿಯ ಮೇಲೆ ಅದೇ ಅಂಕಿಯ ಹೊಸ ಜೋಡಿ ಒತ್ತಿದೆ. ಪವರ್‌ಹೌಸಿಗೆ ಬಂದು ಒಂದನ್ನು ಗೋಡೆಯ ತಂತಿಗೆ ಸುತ್ತಿದೆ. “ನಾನು ಬರೋವರೆಗೂ ಇದರ ಮುಂದಿಂದ ಕದಲಬೇಡ. ಸಾಹೇಬರು ಬಂದು ಕೀಳು ಅಂದ್ರೂ ಕೀಳಬೇಡ” ಎಂದು ತಿಪ್ಪೇಶಿಗೆ ಹೇಳಿದೆ. ಅವನು ಯಾಕೆ ಏನು ಎನ್ನದೆ ಸ್ಟೂಲು ಎಳೆದುಕೊಂಡು ಗೋಡೆಗೆ ಬೆನ್ನುಕೊಟ್ಟು ಕೂತುಬಿಟ್ಟ. ಎರಡನೆಯ ಚೀಟಿಯನ್ನು ಹಿಂಬದಿಯ ಕಾಗದ ಬಿಡಿಸದೆ ಬೆಂಕಿಪೆಟ್ಟಿಗೆಯಲ್ಲಿಟ್ಟು ರವಿಕೆಯೊಳಗೆ ಸೇರಿಸಿಕೊಂಡೆ. ಬಾಡಿಗೆಗೆ ಒಂದು ಟೆಂಪೋ ಸಿಗುವಷ್ಟರಲ್ಲಿ ಹನ್ನೆರಡು ದಾಟಿತ್ತು, ಬೇಡವೆಂದರೂ ಮೇಸ್ತ್ರಿ ಮಂಡಿ ಹಿಡಿದುಕೊಂಡು ಹತ್ತಿದರು.

ಕಮರಿಯ ಅಂಚಿಗೆ ಬಂದಾಗ ಎರಡೂವರೆಯ ಬಿಸಿಲು. ಕೆಳಗೆ ನೋಡಿದೆ, ತಳದಲ್ಲಿ ಹೊಳೆ ಒಂದು ಬಿಳಿ ನೂಲಾಗಿತ್ತು, ಅದರ ಮೊರೆತ ಮಾತ್ರ ನಮ್ಮ ಕಿವಿ ತುಂಬುತ್ತಿತ್ತು. ಆ ಆಳದ ಮೇಲೆ ಒಂದು ಹಗ್ಗ, ಹಗ್ಗದ ನಟ್ಟನಡುವೆ ತೊಟ್ಟಿಲು, ತೊಟ್ಟಿಲಲ್ಲಿ ಎರಡು ಹೆಂಗಸರ ತಲೆ. ಗಾಳಿಗೆ ಅದು ಆ ಕಡೆ ಈ ಕಡೆ ಆಡುತ್ತಿತ್ತು. ನಾಲ್ಕು ತಾಸಿನಿಂದ ಅಲ್ಲೇ ಇದ್ದರು. ನಾನು ಕೀಳಲು ತೆಗೆದುಕೊಂಡದ್ದು ಒಂದು ಕ್ಷಣ.

“ಯಾರಪ್ಪಾ ಅದೂ? ಮನುಷ್ಯರಾ?” ತೊಟ್ಟಿಲಿನಿಂದ ಗಂಟಲೊಂದು ಕೂಗಿತು. ಅವಳು ಬಳೆಗಾರ್ತಿ ದೊಡ್ಡಹನುಮಕ್ಕ. ಬೀದಿಬೀದಿ ಕೂಗಿ ಪಳಗಿದ ಆ ಗಂಟಲು ಹೊಳೆಯ ಮೊರೆತವನ್ನೂ ಸೀಳಿಕೊಂಡು ಬರುತ್ತಿತ್ತು. ಅವಳ ಮಗ್ಗುಲಲ್ಲಿದ್ದವಳು ಸುನಂದ ಎಂಬ ತುಂಬು ಬಸುರಿ, ಆಸ್ಪತ್ರೆಗೆ ಹೊರಟವಳು. “ಬೆಳಗ್ಗೆಯಿಂದ ಇವಳಿಗೆ ಸೊಂಟ ಹಿಡೀತೈತೆ! ಇನ್ನೂ ಹೆರಿಗೆ ನೋವಲ್ಲ ಅಂತ ಹೇಳಿ ಹೇಳಿ ನನ್ನ ನಾಲಿಗೆ ಒಣಗೈತೆ! ಬೇಗ ಏನಾರ ಮಾಡ್ರಪ್ಪಾ!”

ಚೀಟಿ ಇದ್ದದ್ದು ನನ್ನ ಕೈಯಲ್ಲಿ, ಅದನ್ನು ಸುತ್ತಬೇಕಾದ ತಂತಿ ಆಚೆ ದಡದ ಗೋಡೆಯಲ್ಲಿ. ಕಲ್ಲಿಗೆ ಕಟ್ಟಿ ಎಸೆಯೋಣವೆಂದರೆ ಅಷ್ಟು ದೂರ ಎಸೆಯುವ ತೋಳು ಯಾರಿಗಿದೆ? ತಪ್ಪಿ ಹೊಳೆಗೆ ಬಿದ್ದರೆ ಮತ್ತೆ ಊರಿಗೆ ಹೋಗಿ ಹೊಸ ಜೋಡಿ ಒತ್ತಿ ಬರುವಷ್ಟರಲ್ಲಿ ಕತ್ತಲಾಗುತ್ತದೆ. ಮೇಸ್ತ್ರಿ ಹಗ್ಗವನ್ನೇ ದಿಟ್ಟಿಸುತ್ತಿದ್ದರು. “ಪಂಕಜ, ತೊಟ್ಲಿನ ಭಾರಕ್ಕೆ ಹಗ್ಗ ನಡುವೆ ಜೋತೈತೆ ನೋಡು. ಇಲ್ಲಿಂದ ತೊಟ್ಲಿಗೆ ಇಳಿಜಾರು” ಎಂದರು. ಅಷ್ಟು ಸಾಕಾಯಿತು. ನನ್ನ ಚೀಲದಿಂದ ತಂತಿ ತೆಗೆದು ಹಗ್ಗದ ಸುತ್ತ ಸಡಿಲವಾಗಿ ಬಳೆಯಂತೆ ಸುತ್ತಿ, ಬೆಂಕಿಪೆಟ್ಟಿಗೆಯನ್ನು ಅದಕ್ಕೆ ಬಿಗಿದು ಕಟ್ಟಿ ಕೈಬಿಟ್ಟೆ. ಅದು ಮೊದಲು ತಡವರಿಸಿತು, ಆಮೇಲೆ ಜರ್ರನೆ ಜಾರಿತು. ಹನುಮಕ್ಕ ಎರಡೂ ಕೈಯಿಂದ ಬಾಚಿ ಹಿಡಿದಳು. ಆಚೆ ದಡದ ಮೋಟಾರು ಮನೆಯಿಂದ ಒಬ್ಬ ಮುದುಕಿ ಇದನ್ನೆಲ್ಲ ನೋಡುತ್ತಿದ್ದಳು. ಹನುಮಕ್ಕ ಕೂಗಿ ಹೇಳಿದ ಮೇಲೆ ಅವಳೂ ಬಾವಿಹಗ್ಗದ ತುದಿಗೆ ಒಂದು ಕೊಕ್ಕೆ ಕಟ್ಟಿ ತನ್ನ ಕಡೆಯಿಂದ ಜಾರಿಬಿಟ್ಟಳು. ಹನುಮಕ್ಕ ಬೆಂಕಿಪೆಟ್ಟಿಗೆಯನ್ನು ಅದಕ್ಕೆ ಸಿಕ್ಕಿಸಿದಳು, ಮುದುಕಿ ಎಳೆದುಕೊಂಡಳು. ಅದು ಆಚೆ ದಡ ಮುಟ್ಟಿತು.

ಅಲ್ಲಿಂದ ನಮ್ಮ ಮಾತೆಲ್ಲ ಹನುಮಕ್ಕನ ಗಂಟಲ ಮೂಲಕ ಹೋಗಬೇಕಿತ್ತು. ತಂತಿ ಒರೆಸು ಎಂದೆವು, ಒರೆಸಿದಳಂತೆ. ಹಳೇ ಚೀಟಿ ಕೀಳು ಎಂದೆವು. ಮುದುಕಿ ಕೈ ಅಡ್ಡ ಆಡಿಸಿದಳು.

“ಕೀಳಲ್ವಂತೆ!” ಎಂದು ಹನುಮಕ್ಕ ಕೂಗಿದಳು.

“ಯಾಕಂತೆ?”

ಹನುಮಕ್ಕ ಆ ಕಡೆ ತಿರುಗಿ ಕೇಳಿ, ಮತ್ತೆ ಈ ಕಡೆ ಕೂಗಿದಳು. “ಇದಕ್ಕೆ ಯಾರನ್ನೂ ಕೈ ಹಚ್ಚಾಕೆ ಬಿಡಬ್ಯಾಡ ಅಂತ ಹಾಲಪ್ಪ ಆಣೆ ಹಾಕಿಸ್ಯಾನಂತೆ! ಇಪ್ಪತ್ತೆಂಟು ವರ್ಷದಿಂದ ತಾನೂ ಮುಟ್ಟಿಲ್ವಂತೆ!”

ನನಗೆ ಬಾರುಕೋಲಿನಿಂದ ಹೊಡೆದಂತಾಯಿತು. ಅಕ್ಷರ ಬಾರದ ಆ ಮುದುಕಿ ಒಂದು ಹಳೇ ಚೀಟಿಯನ್ನು ಇಷ್ಟು ವರ್ಷ ಕಾದಿದ್ದಳು, ಸತ್ತುಹೋದದ್ದನ್ನೂ ಕೀಳಲು ಒಲ್ಲಳು. ಅದರ ಜೊತೆಯದನ್ನು ಸಂಬಳ ತೆಗೆದುಕೊಂಡು ಕಾಯುವ ನಾನು ಸಾಹೇಬರ ಒಂದು ಮಾತಿಗೆ ಹರಿದು ಹಾಕಿದ್ದೆ. ಹಾಲಪ್ಪ ಮೇಸ್ತ್ರಿ ನೋವಿನ ಮಂಡಿಯ ಮೇಲೆ ಎದ್ದು ನಿಂತು ತಲೆಯ ಟವೆಲು ಬಿಚ್ಚಿ ಬೀಸಿದರು. “ಹಾಲಪ್ಪನೇ ಬಂದಾನೆ ಅನ್ನು! ಹಾಲಪ್ಪನೇ ಕೀಳು ಅಂತಾನೆ ಅನ್ನು!”

“ನಂಬಾಕಿಲ್ಲ ಅಂತಾಳೆ! ಹಾಲಪ್ಪಂಗೆ ಕರೀ ಮೀಸೆ ಇತ್ತಂತೆ!”

ಆ ಹೊತ್ತಿನಲ್ಲೂ ಸುನಂದ ನಕ್ಕದ್ದು ನಮಗೆ ಕಾಣಿಸಿತು. ಮೇಸ್ತ್ರಿ ತಮ್ಮ ಬಿಳಿ ಮೀಸೆ ಮುಟ್ಟಿ ನೋಡಿಕೊಂಡರು. ಆಮೇಲೆ ಇದ್ದಬದ್ದ ಉಸಿರೆಲ್ಲ ಕೂಡಿಸಿ, “ಅವತ್ತು ಅವಳ ಮನೆ ಹುರುಳಿಕಾಳಿನ ಸಾರು ಮೂರು ಸಲ ಹಾಕಿಸ್ಕೊಂಡು, ಉಪ್ಪು ಜಾಸ್ತಿ ಆಗೈತೆ ಅಂದು ಬೈಸ್ಕೊಂಡೋನು ಯಾರು ಅಂತ ಕೇಳು!” ಎಂದರು.

ಹನುಮಕ್ಕ ಕೇಳಿದಳು. ಮುದುಕಿ ಅಂಚಿಗೆ ಬಂದು, ಕೈಯನ್ನು ಹಣೆಗೆ ಅಡ್ಡ ಹಿಡಿದು, ಬಹಳ ಹೊತ್ತು ಇತ್ತ ನೋಡಿದಳು. ಆಮೇಲೆ ಒಳಗೆ ಹೋದಳು.

ನಾವು ಕಾದೆವು. ಮೊದಲು ಹಗ್ಗ ನಡುಗಿತು. ಆಮೇಲೆ ಆಚೆ ದಡದಲ್ಲಿ ತೊಟ್ಟಿಲು ಎಳೆಯುವ ದೊಡ್ಡ ಗಾಲಿ, ಅದರ ಹಿಂದೆ ಕಂಬವಿಲ್ಲ, ತಂತಿಸಾಲಿಲ್ಲ, ಬರೀ ಬೋಳುಗುಡ್ಡ ಮತ್ತು ಆಕಾಶ, ಆ ಗಾಲಿ ನಿಧಾನವಾಗಿ ತಿರುಗತೊಡಗಿತು. ಹುಟ್ಟಿದಾಗಿನಿಂದ ನೋಡಿದ್ದ ಸಂಗತಿ, ದಿನಕ್ಕೆ ಹತ್ತು ಸಲ ಕೈಯಾರೆ ಮಾಡುವ ಕೆಲಸ. ಆದರೂ ಇಷ್ಟು ದಿನ ನಾನು ಏನನ್ನೂ ನೋಡಿರಲಿಲ್ಲವೆಂದು ಆಗ ತಿಳಿಯಿತು. ಎರಡು ತಾಸಿನಾಚೆ ತಿಪ್ಪೇಶಿಯ ಬೆನ್ನ ಹಿಂದಿರುವ ಒಂದು ಗೇಣು ತಾಮ್ರ ಇಲ್ಲಿ ಎರಡು ಹೆಂಗಸರನ್ನೂ ಇನ್ನೂ ಹುಟ್ಟದ ಒಂದು ಜೀವವನ್ನೂ ಆಕಾಶದಿಂದ ದಡಕ್ಕೆ ತರುತ್ತಿತ್ತು. ನನಗೆ ಕೈಮುಗಿಯಬೇಕೆನಿಸಿತು, ಮುಗಿದೆ. ಯಾರಿಗೆಂದು ಗೊತ್ತಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ತೊಟ್ಟಿಲು ಬಂದು ತಾಗಿದಾಗ ಸುನಂದಳನ್ನು ಇಬ್ಬರೂ ಹಿಡಿದು ಇಳಿಸಿಕೊಂಡೆವು. ಅವಳ ಎರಡೂ ಕೈಗೆ ಮೊಣಕೈವರೆಗೆ ಹಸಿರು ಬಳೆ. “ಹೆದರ್ಕೊಂಡಾಗೆಲ್ಲ ಒಂದೊಂದು ಹಾಕಿದೆ” ಎಂದಳು ಹನುಮಕ್ಕ, “ಇನ್ನು ಅರ್ಧ ತಾಸು ತಡ ಆಗಿದ್ರೆ ಭುಜಕ್ಕೇ ಹತ್ತಿಸ್ತಿದ್ದೆ.” ನಾವು ಬಂದ ಟೆಂಪೋದಲ್ಲೇ ಅವರನ್ನು ಆಸ್ಪತ್ರೆಗೆ ಕಳಿಸಿದೆವು.

ಮುದುಕಿ ಚೀಟಿ ಹೇಗೆ ಸುತ್ತಿದ್ದಾಳೋ ನೋಡದೆ ಬಿಡುವ ಹಾಗಿರಲಿಲ್ಲ. ಸಡಿಲವಿದ್ದರೆ ನಾಳೆ ಮತ್ತೆ ಯಾರೋ ನಡುವೆ ನೇತಾಡುತ್ತಾರೆ. ಮೇಸ್ತ್ರಿಯ ಮಂಡಿ ಅದಕ್ಕೆ ಒಗ್ಗುವುದಲ್ಲ. ನಾನೇ ತೊಟ್ಟಿಲು ಹತ್ತಿದೆ. ದಡ ಬಿಟ್ಟು ಕಾಲಡಿಯ ನೆಲ ಸರಿದಾಗ ಕಣ್ಣುಮುಚ್ಚಿದೆ. ನಡುವೆ ಬಂದಾಗ ತೆರೆದೆ, ತೆರೆಯಲೇಬೇಕು ಎನ್ನಿಸಿತು. ನಾನು ಸುತ್ತಿದ ಚೀಟಿಯ ಮೇಲೆ ನನ್ನದೇ ಜೀವ ತೂಗುತ್ತಿದ್ದದ್ದು ಅದೇ ಮೊದಲು. ಹೆದರಿಕೆಯಾಯಿತು, ಅದಕ್ಕಿಂತ ದೊಡ್ಡದಾದ ಇನ್ನೇನೋ ಆಯಿತು.

ಮುದುಕಿಯ ಹೆಸರು ಚೌಡಜ್ಜಿ. ಮೋಟಾರು ಮನೆಯೆಂದರೆ ಒಂದು ಮಣ್ಣುಗೋಡೆಯ ಕೋಣೆ. ಗೋಡೆಯಿಂದ ಗೇಣುದ್ದ ತಂತಿ ಹೊರಬಂದು ಬರೀ ಗಾಳಿಯನ್ನು ತೋರಿಸುತ್ತಿತ್ತು. ಚೀಟಿಯನ್ನು ಸೊಟ್ಟಗೆ, ಆದರೆ ಗಟ್ಟಿಯಾಗಿ ಸುತ್ತಿದ್ದಳು. ಮುಟ್ಟಿ ನೋಡಿದೆ, ಬೆಚ್ಚಗಿತ್ತು.

“ನೀನು ಯಾರವ್ವಾ?” ಎಂದಳು.

“ಇದರ ಇನ್ನೊಂದು ತುದಿ ನೋಡ್ಕೊಳ್ಳೋಳು ಅಜ್ಜಿ.”

ಅವಳು ಗೋಡೆ ಹಿಡಿದು ನಿಧಾನವಾಗಿ ಕೂತಳು. “ಅಲ್ಲಿ ಮನುಷ್ಯರು ಅದಾರಾ? ದಿನಾ ಬೆಳಗ್ಗೆ ಸುಚ್ಚು ಒತ್ತೋ ಮುಂಚೆ ಇದನ್ನ ನೋಡಿ, ಆ ತುದೀಲಿ ಯಾರಾರಾ ಅದಾರೋ ಇಲ್ಲೋ ಅಂತ ಅನ್ಕೋತಿದ್ದೆ.”

“ಇದ್ದೀನಿ ಅಜ್ಜಿ. ಇಪ್ಪತ್ತೆರಡು ವರ್ಷದಿಂದ ದಿನಾ ಅಲ್ಲೇ ಇದ್ದೀನಿ.”

“ಹಂಗಾದ್ರೆ ಇವತ್ತು ಬೆಳಗ್ಗೆ ಎಲ್ಲಿಗೆ ಹೋಗಿದ್ದೆ?”

ಸಿಟ್ಟಿನಿಂದ ಕೇಳಲಿಲ್ಲ. ಹೊತ್ತುಮೀರಿ ಮನೆಗೆ ಬಂದ ಮಗಳನ್ನು ಕೇಳುವ ಹಾಗೆ, ನನ್ನ ಮುಖವನ್ನೇ ನೋಡುತ್ತಾ, ನಿಜವಾಗಿಯೂ ಉತ್ತರ ಬೇಕೆಂದೇ ಕೇಳಿದಳು. ಏನೋ ಒಂದು ನೆಪ ಹೇಳಬಹುದಿತ್ತು, ಸಾಹೇಬರ ಹೆಸರು ಹೇಳಬಹುದಿತ್ತು.

“ಎಲ್ಲೂ ಹೋಗಿರ್ಲಿಲ್ಲ ಅಜ್ಜಿ” ಎಂದೆ. “ಅಲ್ಲೇ ಇದ್ದೆ. ನಾನೇ ಕಿತ್ತೆ.”